ವಿದ್ಯಾನಗರದಲ್ಲಿ ಕುದುರೆಯ ಮಾತು

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಕಿತ್ತೂರಿನ ರಾಣಿ ಕುದುರೆಯೇರಿ, ಕತ್ತಿ ಹಿಡಿದು ಕೂತಿದ್ದಾಳೆ. ಅವಳನ್ನು ಹಿಂದೆ ಬಿಟ್ಟು, ಹೊಸೂರು ದಾಟಿ, ಹಳೆಯ ಪುಣೆ-ಬೆಂಗಳೂರು ರಸ್ತೆಯಲ್ಲಿ ಧಾರವಾಡದ ಕಡೆ ಹೊರಟರೆ ಸಿಗುವುದೇ ನಮ್ಮ ವಿದ್ಯಾನಗರ. ಹೆಸರಿಗೆ ತಕ್ಕ ಬಡಾವಣೆ. 1957ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು ಇಲ್ಲಿದೆ. ಅದರ ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಇನ್ನೂ ಕಿಮ್ಸ್. 1947ರಲ್ಲಿ ಶುರುವಾಗಿ 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಇಲ್ಲಿದೆ. ಜಾಬಿನ್ ವಿಜ್ಞಾನ ಕಾಲೇಜು ಇಲ್ಲಿದೆ. ಇವುಗಳ ಸುತ್ತ ಹಾಸ್ಟೆಲ್ಲು, ಖಾನಾವಳಿ, ಜೆರಾಕ್ಸ್ ಅಂಗಡಿ, ಕೋಚಿಂಗ್ ಕ್ಲಾಸುಗಳ ಬೋರ್ಡು. ಆ ಬೋರ್ಡುಗಳ ಮೇಲೆ ರ‍್ಯಾಂಕ್ ಬಂದ ಹುಡುಗ ಹುಡುಗಿಯರ ಪಾಸ್‌ಪೋರ್ಟ್ ಅಳತೆಯ ನಗು.

ನಮ್ಮಲ್ಲಿ ಒಂದು ಚಾಷ್ಟಿಯ ಮಾತುಂಟು. ಚಿಗರಿ ಬಸ್ಸು ಹತ್ತಿದ ಹುಡುಗ ಕಿಮ್ಸ್ ಸ್ಟಾಪಿನಲ್ಲಿ ಇಳಿದರೆ ಡಾಕ್ಟರು, ಬಿ.ವಿ.ಬಿ. ಸ್ಟಾಪಿನಲ್ಲಿ ಇಳಿದರೆ ಎಂಜಿನಿಯರು. ನಿದ್ದೆ ಹೋಗಿ ಮುಂದೆ ಹೋದರೆ ಉಣಕಲ್ ಕೆರೆ! ಈ ಮಾತಿಗೆ ನಾವೆಲ್ಲ ನಗುತ್ತೇವೆ. ಆದರೆ ಫಲಿತಾಂಶದ ದಿನ ಎಷ್ಟು ಮನೆಗಳಲ್ಲಿ ಈ ನಗು ಉಳಿದಿರುತ್ತದೆ ಎಂಬುದನ್ನು ನಲವತ್ತು ವರ್ಷ ಇದೇ ಬಡಾವಣೆಯಲ್ಲಿದ್ದು, ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನಾನು ಚೆನ್ನಾಗಿ ಬಲ್ಲೆ.

ಈಗ ಹೇಳಹೊರಟಿರುವುದು ಆ ಮೂರನೆಯ ಸ್ಟಾಪಿನ ಕತೆ. ಉಣಕಲ್ ಕೆರೆಯ ದಂಡೆಯ ಮೇಲೆ, ಬೆಳಗಿನ ವಾಕಿಂಗಿನಲ್ಲಿ ಶುರುವಾದದ್ದು.

ಕೆರೆಯ ದಂಡೆ

2022ರ ಜೂನ್ ತಿಂಗಳು. ಪಿಯುಸಿ ಫಲಿತಾಂಶ ಬಂದು ಎರಡು ದಿನವಾಗಿತ್ತು. ಮಳೆ ಇನ್ನೂ ಗಟ್ಟಿಯಾಗಿ ಹಿಡಿದಿರಲಿಲ್ಲ. ಕೆರೆಯ ನಡುವೆ ವಿವೇಕಾನಂದರ ಮೂರ್ತಿ ಮಂಜಿನಲ್ಲಿ ಮಸುಕಾಗಿತ್ತು. ನಮ್ಮ ಓಣಿಯವರೇ ಒಬ್ಬರು, ದುರ್ಗದ ಬೈಲಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಮಗಳನ್ನು ಕರೆದುಕೊಂಡು ಎದುರಾದರು. ಹುಡುಗಿ ವಿಜ್ಞಾನದಲ್ಲಿ ಒಳ್ಳೆಯ ಅಂಕಗಳನ್ನೇ ತೆಗೆದಿದ್ದಳು. ಅಪ್ಪನ ಮುಖದಲ್ಲಿ ಮಾತ್ರ ಸಂತೋಷ ಕಾಣಲಿಲ್ಲ.

'ಸರ, ಈಕಿಗೆ ನೀವರ ಒಂದೀಟು ತಿಳಿಸಿ ಹೇಳ್ರಿ. ನೀಟ್ ಬರಿ, ಡಾಕ್ಟರ್ ಆಗು ಅಂದ್ರ ಕುದುರಿ ಅಂತಾಳ.'

'ಕಾಕಾ, ನಾ ರೇಸ್ ಆಡ್ತೀನಿ ಅಂದಿಲ್ರಿ. ಕುದುರಿ ಜೋಡಿ ಇರೂ ಕೆಲಸ ಏನಾರ ಮಾಡ್ತೀನಿ ಅಂದೇನಿ, ಅಷ್ಟ' ಎಂದಳು ಹುಡುಗಿ. ಕೈಯಲ್ಲಿದ್ದ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಹಸಿರು ಹುಲ್ಲಿನ ಮೇಲೆ ಕುದುರೆಗಳ ಓಟ. ಅದೂ ಸಾದಾ ಓಟವಲ್ಲ. ಎದೆಯೆತ್ತರದ ಬೇಲಿಗಳನ್ನು ಜಿಗಿಯುತ್ತ ಓಡುವ ಓಟ. ಕೊನೆಯ ಬೇಲಿ ದಾಟಿದ ಮೇಲೆ ಒಂದು ಕುದುರೆ ಉಳಿದವನ್ನೆಲ್ಲ ಬಿಟ್ಟು ಮುಂದೆ ಮುಂದೆ ಹೋಗಿಬಿಟ್ಟಿತು. 'ಮ್ಯಾಲ ಕೂತಾಕಿ ಹೆಣ್ಮಗಳು, ಕಾಕಾ. ಐರ್ಲೆಂಡಿನಾಕಿ' ಎಂದಳು.

ಅಪ್ಪ ಕೆರೆಯ ಕಡೆ ನೋಡುತ್ತ ನಿಂತಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: 'ನಮ್ಮಪ್ಪ ಸ್ಟೇಶನ್ನಿನ ಮುಂದ ಟಾಂಗಾ ಹೊಡೀತಿದ್ದ, ಸರ. ಕುದುರಿ ಹಿಂದ ಕೂತು ನಮ್ಮನ್ನ ಸಾಕಿದ. ಅದರಿಂದ ಎದ್ದು ಬರಾಕ ನನಗ ಅರ್ಧಾ ಆಯುಷ್ಯ ಹೋತು. ಈಕಿ ಮತ್ತ ಅಲ್ಲಿಗೇ ಹೊಂಟಾಳಲ್ರೀ.'

ನಾನು ತಟ್ಟನೆ ಏನೂ ಹೇಳಲಿಲ್ಲ. ಹುಬ್ಬಳ್ಳಿ ಸ್ಟೇಶನ್ನಿನ ಮುಂದೆ ಟಾಂಗಾಗಳು ಸಾಲಾಗಿ ನಿಲ್ಲುತ್ತಿದ್ದ ಕಾಲವನ್ನು ನಾನೂ ಕಂಡವನು. ಹುಲ್ಲಿನ ವಾಸನೆ, ಲಾಳದ ಸದ್ದು, ಚೌಕಾಸಿ ಮಾಡುವ ಪ್ರಯಾಣಿಕರು. ಆ ಬದುಕಿನಲ್ಲಿ ಕುದುರೆಗೂ ಮನುಷ್ಯನಿಗೂ ಹೊಟ್ಟೆ ತುಂಬ ಸಿಗುತ್ತಿದ್ದ ದಿನಗಳು ಕಡಿಮೆ. ಹಾಗಾಗಿ ತಂದೆಯ ಮಾತಿನಲ್ಲಿ ಹಟಕ್ಕಿಂತ ನೋವೇ ಹೆಚ್ಚಿತ್ತು. 'ನಾಳೆ ಬರ್ರಿ, ನಾನೂ ಒಂದಿಷ್ಟು ತಿಳ್ಕೊಂಡು ಬರ್ತೀನಿ' ಎಂದೆ. ಹುಡುಗಿ ತೋರಿಸಿದ ಆ ಸವಾರಳ ಹೆಸರು ರೇಚಲ್ ಬ್ಲ್ಯಾಕ್‌ಮೋರ್. ಆ ದಿನವಿಡೀ ಅವಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಕೂತು ಓದಿದೆ.

ಟಿಪ್ಪರೆರಿಯ ಹುಡುಗಿ

ಐರ್ಲೆಂಡ್ ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲದ ದೇಶ. ಆದರೆ ಕುದುರೆಯ ಲೋಕದಲ್ಲಿ ಅದರ ಹೆಸರು ಬಲು ದೊಡ್ಡದು. ಅಲ್ಲಿ ಹಳ್ಳಿಯ ರೈತನೂ ದನಗಳ ಜತೆ ಒಂದೆರಡು ಕುದುರೆ ಸಾಕುವುದುಂಟು. ಟಿಪ್ಪರೆರಿ ಕೌಂಟಿಯ ಕಿಲ್ಲೆನಾಲ್ ಎಂಬ ಊರಿನ ಬಳಿ 1989ರಲ್ಲಿ ರೇಚಲ್ ಹುಟ್ಟಿದಳು. ತಂದೆ ಹೈನುಗಾರಿಕೆಯ ರೈತ, ತಾಯಿ ಶಾಲೆಯ ಶಿಕ್ಷಕಿ. ಅಂದರೆ ನಮ್ಮ ಧಾರವಾಡ ಜಿಲ್ಲೆಯ ಯಾವುದೇ ಮನೆಯಂಥ ಮನೆ. ಚಿಕ್ಕಂದಿನಿಂದ ಪೋನಿ ಕುದುರೆಗಳ ಮೇಲೆ ಬೆಳೆದ ಹುಡುಗಿಗೆ ಪಶುವೈದ್ಯೆಯಾಗುವ ಆಸೆಯಿತ್ತು. ಅದು ಕೈಗೂಡಲಿಲ್ಲ. ಮುಂದೆ ಲಿಮರಿಕ್ ವಿಶ್ವವಿದ್ಯಾಲಯದಲ್ಲಿ ಅಶ್ವವಿಜ್ಞಾನದ ಪದವಿ ಪಡೆದಳು. ಕುದುರೆಯ ದೇಹ, ಆಹಾರ, ಸಾಕಣೆ, ರೋಗ ಇವೆಲ್ಲ ಅಲ್ಲಿ ಪಾಠದ ವಿಷಯಗಳು.

ಮರುದಿನ ಕೆರೆಯ ದಂಡೆಯ ಮೇಲೆ ಕೂತು ಇದನ್ನು ಹೇಳಿದಾಗ ತಂದೆ, 'ಡಿಗ್ರಿ ಮಾಡಿ ಕುದುರಿ ಹತ್ತಿದಳೇನ್ರಿ?' ಎಂದು ಕೇಳಿದರು. ಹೌದು, ಓದುತ್ತಲೇ ಹತ್ತಿದಳು. 2011ರ ಫೆಬ್ರವರಿಯಲ್ಲಿ ಥರ್ಲಸ್ ಎಂಬ ಊರಿನ ಮೈದಾನದಲ್ಲಿ ಹವ್ಯಾಸಿ ಸವಾರಳಾಗಿ ಮೊದಲ ಗೆಲುವು. ಆಮೇಲಿನ ನಾಲ್ಕು ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅಲ್ಲೊಂದು ಇಲ್ಲೊಂದು ಗೆಲುವು, ನೂರಾರು ಬೆಳಗಿನ ಸವಾರಿ, ಸಣ್ಣ ಸಣ್ಣ ಊರುಗಳ ಓಟ. ಯಾವ ಪತ್ರಿಕೆಯೂ ಅವಳ ಬಗ್ಗೆ ಬರೆಯುತ್ತಿರಲಿಲ್ಲ. ವಿದ್ಯಾನಗರದಲ್ಲಾಗಿದ್ದರೆ ನೆಂಟರಿಷ್ಟರು 'ಹುಡುಗಿ ಏನು ಮಾಡ್ತಾಳ?' ಎಂದು ಕೇಳಿ ಕೇಳಿ ತಾಯಿ ತಂದೆಯ ತಲೆ ತಗ್ಗಿಸುತ್ತಿದ್ದರು.

ತರಬೇತುದಾರ ಜಾನ್ ಹ್ಯಾನ್ಲನ್ ವೃತ್ತಿಗೆ ಇಳಿಯುವಂತೆ ಒತ್ತಾಯಿಸಿದರು. 2015ರ ಮಾರ್ಚಿನಲ್ಲಿ, 25ನೇ ವಯಸ್ಸಿನಲ್ಲಿ, ರೇಚಲ್ ವೃತ್ತಿಪರ ಜಾಕಿಯಾದಳು. ಐರ್ಲೆಂಡಿನಲ್ಲಿ ಬೇಲಿ ಜಿಗಿತದ ಓಟಕ್ಕೆ ಒಬ್ಬ ಹೆಣ್ಣುಮಗಳು ವೃತ್ತಿಪರಳಾಗಿ ಇಳಿದದ್ದು 1980ರ ದಶಕದ ನಂತರ ಅದೇ ಮೊದಲು. ವೃತ್ತಿಯ ಮೊದಲ ಗೆಲುವಿಗೆ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಎರಡು ವರ್ಷದ ನಂತರ, 2016-17ರ ಸಾಲಿನಲ್ಲಿ, ಕಿರಿಯ ವೃತ್ತಿಪರರ ಚಾಂಪಿಯನ್ ಪಟ್ಟ ಬಂತು. ಆ ಪಟ್ಟ ಪಡೆದ ಮೊದಲ ಹೆಣ್ಣು ಅವಳೇ. 2018ರಿಂದ ವಾಟರ್‌ಫರ್ಡ್ ಕೌಂಟಿಯ ತರಬೇತುದಾರ ಹೆನ್ರಿ ಡಿ ಬ್ರಾಮ್‌ಹೆಡ್ ಅವರ ಕುದುರೆಗಳನ್ನು ಓಡಿಸತೊಡಗಿದಳು. ಮುಂದಿನದು ನೀರಿನಲ್ಲಿ ದಾರಿ ಸಿಕ್ಕ ಮೀನಿನ ಕತೆ.

2021ರ ಮಾರ್ಚಿನಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಉತ್ಸವದಲ್ಲಿ ಆರು ಗೆಲುವು. ಅವುಗಳಲ್ಲಿ ಹನಿಸಕಲ್ ಎಂಬ ಹೆಣ್ಣು ಕುದುರೆಯ ಮೇಲೆ ಗೆದ್ದ ಚಾಂಪಿಯನ್ ಹರ್ಡಲ್ ಕೂಡ ಒಂದು. ಆ ಓಟ ಗೆದ್ದ ಮೊದಲ ಮಹಿಳಾ ಜಾಕಿ ಅವಳು. ಆಮೇಲೆ ಏಪ್ರಿಲ್ 10ರಂದು ಏನ್‌ಟ್ರೀಯ ಗ್ರ್ಯಾಂಡ್ ನ್ಯಾಶನಲ್. ಇದು 1839ರಿಂದ ನಡೆದುಬಂದ ಓಟ. ಆ ಸಲ 40 ಕುದುರೆ, 30 ಬೇಲಿ, ಸುಮಾರು 7 ಕಿಲೋಮೀಟರು ದೂರ. ಒಬ್ಬ ಹೆಣ್ಣುಮಗಳು ಈ ಓಟದಲ್ಲಿ ಮೊದಲ ಬಾರಿಗೆ ಸವಾರಿ ಮಾಡಿದ್ದೇ 1977ರಲ್ಲಿ. ಅಲ್ಲಿಂದ 44 ವರ್ಷದ ಮೇಲೆ ಮಿನೆಲ್ಲಾ ಟೈಮ್ಸ್ ಎಂಬ ಕುದುರೆಯ ಮೇಲೆ ರೇಚಲ್ ಗೆದ್ದಳು. ಕೊರೋನಾ ಕಾಲವಾದ್ದರಿಂದ ಮೈದಾನದಲ್ಲಿ ಪ್ರೇಕ್ಷಕರೇ ಇರಲಿಲ್ಲ. ಇತಿಹಾಸದಲ್ಲಿ ಉಳಿಯುವ ಗೆಲುವು ಖಾಲಿ ಗ್ಯಾಲರಿಗಳ ಮುಂದೆ ನಡೆದುಹೋಯಿತು.

ಆದರೆ ಆ ದಿನ ಹುಡುಗಿಗೂ ಅವಳ ಅಪ್ಪನಿಗೂ ನಾನು ಒತ್ತಿ ಹೇಳಿದ ಸಂಗತಿ ಬೇರೆ. 2021ರ ಅದೇ ಉತ್ಸವದ ಕೊನೆಯ ದಿನ ಗೋಲ್ಡ್ ಕಪ್ ಓಟವಿತ್ತು. ಹೆನ್ರಿಯವರ ಲಾಯದ ಎರಡು ಕುದುರೆಗಳಲ್ಲಿ ರೇಚಲ್ ಆರಿಸಿಕೊಂಡದ್ದು 'ಅ ಪ್ಲು ತಾರ್' ಎಂಬುದನ್ನು. ಅವಳು ಬಿಟ್ಟ ಇನ್ನೊಂದು ಕುದುರೆಯೇ ಗೆದ್ದಿತು, ಇವಳದು ಎರಡನೆಯದಾಯಿತು. ಆಯ್ಕೆ ತಪ್ಪಿತ್ತು. ಮರುವರ್ಷ, 2022ರ ಮಾರ್ಚ್ 18ರಂದು, ಅದೇ ಕುದುರೆಯ ಮೇಲೆ ಅದೇ ಓಟವನ್ನು 15 ಕುದುರೆಯುದ್ದದ ಅಂತರದಿಂದ ಗೆದ್ದಳು. ಆ ಕುದುರೆಯ ಹೆಸರು ಫ್ರೆಂಚ್ ಮಾತು. ಅದರ ಅರ್ಥ 'ಆಮೇಲೆ ಸಿಗೋಣ'! ಹುಡುಗಿ ಮೊಬೈಲಿನಲ್ಲಿ ತೋರಿಸಿದ್ದು ಆ ಓಟವನ್ನೇ. ಆಪ್ಷನ್ ಎಂಟ್ರಿ ಮಾಡುವಾಗ ಕೈ ನಡುಗುವ ನಮ್ಮ ಮಕ್ಕಳಿಗೂ, ಅವರ ಹಿಂದೆ ನಿಂತು ಉಸಿರು ಬಿಗಿಹಿಡಿಯುವ ತಂದೆ ತಾಯಂದಿರಿಗೂ ಇದು ತಿಳಿದಿರಲಿ ಅನ್ನಿಸಿತು.

ಭೌತಶಾಸ್ತ್ರದ ಒಂದು ಪಾಠ

ಹಳೆಯ ಮಾಸ್ತರನಾದ್ದರಿಂದ ಒಂದು ಪಾಠ ಹೇಳದೆ ಬಿಡಲಾಗಲಿಲ್ಲ. ಜಾಕಿ ಕುದುರೆಯ ಮೇಲೆ ಕೂರುವುದಿಲ್ಲ, ಗಮನಿಸಿದ್ದೀರಾ? ರಿಕಾಪುಗಳನ್ನು ಗಿಡ್ಡ ಮಾಡಿಕೊಂಡು, ಮೊಣಕಾಲು ಮಡಿಸಿ, ಜೀನಿನಿಂದ ಮೇಲೆದ್ದು, ಬೆನ್ನು ಬಾಗಿಸಿ ತೇಲುತ್ತಾನೆ. ಚೆನ್ನಮ್ಮನ ಮೂರ್ತಿಯಂತೆ ನೆಟ್ಟಗೆ ಕೂರುವ ಭಂಗಿ ಯುದ್ಧಕ್ಕೆ, ಮೆರವಣಿಗೆಗೆ ಸರಿ. ಓಟಕ್ಕೆ ಬಾಗಿದ ಭಂಗಿ ಬೇಕು. ನೆಟ್ಟಗೆ ಕೂತ ಸವಾರನ ಭಾರವನ್ನು ಕುದುರೆ ಪ್ರತಿ ಹೆಜ್ಜೆಗೂ ಎತ್ತಿ ಇಳಿಸಬೇಕು, ಮುಂದೆ ತಳ್ಳಿ ಹಿಂದೆ ಎಳೆಯಬೇಕು. ಬಾಗಿದವನ ಕಾಲುಗಳು ಸ್ಪ್ರಿಂಗಿನಂತೆ ಕೆಲಸ ಮಾಡುತ್ತವೆ; ಕುದುರೆ ಏರಿಳಿದರೂ ಸವಾರನ ದೇಹ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಮುಂದೆ ಸಾಗುತ್ತದೆ. ಭಾರ ಇದ್ದೇ ಇದೆ, ಆದರೆ ಅದನ್ನು ಕುಲುಕುವ ಕೆಲಸ ಕುದುರೆಗೆ ತಪ್ಪಿತು. ಆ ಕೆಲಸವನ್ನು ಈಗ ಸವಾರನ ತೊಡೆಗಳು ಮಾಡುತ್ತವೆ.

1900ರ ಆಸುಪಾಸಿನಲ್ಲಿ ಈ ಭಂಗಿ ಬಳಕೆಗೆ ಬಂದಾಗ ಓಟದ ವೇಳೆ ಶೇಕಡಾ 5ರಿಂದ 7ರಷ್ಟು ಸುಧಾರಿಸಿತೆಂದು 2009ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು ತೋರಿಸಿಕೊಟ್ಟರು. ಹುಡುಗಿ ತಕ್ಷಣ, 'ಹಂಗಾದ್ರ ಸವಾರನ ತೊಡಿಗೆ ಬಾಳ ತ್ರಾಸ ಆಗತದಲ್ರೀ ಕಾಕಾ?' ಎಂದಳು. ಸರಿಯಾದ ಪ್ರಶ್ನೆ. ಅದಕ್ಕೇ ಜಾಕಿ ಅಂದರೆ ಬರೀ ತೂಕವಿಲ್ಲದ ಸಣ್ಣ ಮನುಷ್ಯ ಎಂದು ತಿಳಿಯಬಾರದು. ಅವನು ಗಟ್ಟಿಮುಟ್ಟಾದ ಆಟಗಾರ.

ತಂದೆ ಎದ್ದು ನಿಂತರು. 'ಇದೆಲ್ಲಾ ಐರ್ಲೆಂಡಿನ ಮಾತಾತು, ಸರ. ನಮ್ಮಲ್ಲಿ ಹೆಂಗೈತಿ ಅದನ್ನ ನೋಡೋಣ ಬರ್ರಿ' ಎಂದರು. ಆ ಮಾತು ನನಗೆ ಹಿಡಿಸಿತು. ಮರುವಾರ ನಾವು ಮೂವರೂ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯ ಪ್ರಯಾಣ ಮಾಡಿ ಬೆಂಗಳೂರಿಗೆ ಹೋದೆವು.

ಬೆಂಗಳೂರಿನ ಒಂದು ಬೆಳಗು

ಬೆಂಗಳೂರಿನ ರೇಸ್ ಕೋರ್ಸು ಇರುವುದು ಊರ ನಡುವಿನ ಹೈಗ್ರೌಂಡ್ಸಿನಲ್ಲಿ, ರೈಲ್ವೆ ಸ್ಟೇಶನ್ನಿನಿಂದ ಬಲು ದೂರವಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕುದುರೆಗಳ ವ್ಯಾಯಾಮ ಶುರುವಾಗಿತ್ತು. ಬೇಲಿಯ ಸಂದಿಯಿಂದ ಕಂಡದ್ದು ಇಷ್ಟು: ಉಗಿಯಾಡುವ ಮೂಗಿನ ಹೊಳ್ಳೆಗಳು, ಹೊಳೆಯುವ ಮೈ, ಮೇಲೆ ಬಾಗಿ ನಿಂತ ಪುಟ್ಟ ಸವಾರರು. ಹತ್ತಿರ ಬಂದಾಗ ನೆಲ ಅದುರಿದಂತೆ ಸದ್ದು. ಐನೂರು ಕಿಲೋ ಆಸುಪಾಸಿನ ಪ್ರಾಣಿ ಗಂಟೆಗೆ ಅರವತ್ತು ಕಿಲೋಮೀಟರು ವೇಗದಲ್ಲಿ ಓಡಬಲ್ಲದು ಎಂದು ಪುಸ್ತಕದಲ್ಲಿ ಓದುವುದು ಬೇರೆ, ಎದೆಯಲ್ಲಿ ಕೇಳುವುದು ಬೇರೆ.

ಹೊರಗಿನ ಚಹಾದಂಗಡಿಯಲ್ಲಿ ವಯಸ್ಸಾದ ಒಬ್ಬರು ಸಿಕ್ಕರು. ಹದಿಹರೆಯದಲ್ಲಿ ಲಾಯ ಸೇರಿ, ಕೆಲವು ವರ್ಷ ಓಟದಲ್ಲಿ ಸವಾರಿ ಮಾಡಿ, ಆಮೇಲೆ ಬೆಳಗಿನ ವ್ಯಾಯಾಮಕ್ಕೆ ಕುದುರೆ ಹತ್ತುತ್ತಿದ್ದವರು. ಹಿಂದಿ ಬೆರೆತ ಕನ್ನಡದಲ್ಲಿ ಅವರು ಹೇಳಿದ್ದನ್ನು ತಂದೆ ಒಂದಕ್ಷರ ಬಿಡದೆ ಕೇಳಿಸಿಕೊಂಡರು.

ನಮ್ಮ ದೇಶದಲ್ಲಿ ರೇಸ್ ಕ್ಲಬ್ಬುಗಳು ನಡೆಸುವುದು ಬೇಲಿಯಿಲ್ಲದ ಸಪಾಟು ಓಟ. ಅಲ್ಲಿ ಸವಾರನ ತೂಕ ಐವತ್ತು ಕಿಲೋದ ಆಸುಪಾಸಿನಲ್ಲೇ ಇರಬೇಕು. ಬಲವಾದ ಕುದುರೆಗೆ ಹೆಚ್ಚು ಭಾರ, ದುರ್ಬಲ ಕುದುರೆಗೆ ಕಡಿಮೆ ಭಾರ ಎಂದು ಮೊದಲೇ ಗೊತ್ತುಮಾಡುತ್ತಾರೆ. ಸವಾರ ಹಗುರವಾಗಿದ್ದರೆ ಜೀನಿನ ಕೆಳಗೆ ಸೀಸದ ತುಂಡು ಇಟ್ಟು ತೂಕ ಸರಿಮಾಡುತ್ತಾರೆ. ಆದರೆ ಸವಾರ ಭಾರವಾಗಿದ್ದರೆ ತೆಗೆದಿಡಲು ಏನೂ ಇಲ್ಲ. ಹೊಟ್ಟೆಯಿಂದಲೇ ಕಡಿಮೆ ಮಾಡಬೇಕು. ಓಟಕ್ಕೆ ಮುಂಚೆ ಒಂದು ತೂಕ, ಓಟ ಮುಗಿದ ಮೇಲೆ ಮತ್ತೊಂದು ತೂಕ. ಲೆಕ್ಕ ತಪ್ಪಿದರೆ ಗೆದ್ದದ್ದೂ ಹೋಗಬಹುದು. 'ಹಬ್ಬದ ದಿನ ಹೋಳಿಗೆ ನೋಡೋದಷ್ಟೆ, ಸಾಹೇಬ್ರೆ. ಬಿಸಿನೀರಲ್ಲಿ ಕೂತು ಬೆವರು ಇಳಿಸಿ ತೂಕಕ್ಕೆ ನಿಂತಿದೀನಿ' ಎಂದರು ಅವರು. ಎಡಗೈಯ ಅಂಗಿ ಮೇಲೆತ್ತಿ ಮೊಣಕೈ ಹತ್ತಿರದ ಹೊಲಿಗೆಯ ಗುರುತು ತೋರಿಸಿದರು. ಓಟದ ದಿನ ಕುದುರೆಗಳ ಹಿಂದೆಯೇ ಆಂಬುಲೆನ್ಸ್ ಓಡುತ್ತದೆ. ಪ್ರತಿಯೊಂದು ಓಟಕ್ಕೂ. ಬೇರೆ ಯಾವ ಆಟದಲ್ಲಿ ಹೀಗುಂಟು?

ಬಾಜಿಯ ಮಾತೂ ಬಂತು. ಬರಲೇಬೇಕಿತ್ತು. ಕುದುರೆ ಓಟ ಬರೀ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿದೆ. ಕೌಶಲ ಇರುವುದು ಕುದುರೆಯಲ್ಲಿ, ಸವಾರನಲ್ಲಿ, ತರಬೇತುದಾರನಲ್ಲಿ. ಕಿಟಕಿಯ ಮುಂದೆ ಸಂಬಳದ ದುಡ್ಡು ಹಿಡಿದು ನಿಂತವನ ಮನೆಯ ಗತಿ ಏನಾಗುತ್ತದೆಂಬುದನ್ನು ಯಾವ ತೀರ್ಪೂ ಬದಲಿಸುವುದಿಲ್ಲ. ಜಾಕಿ ಬಾಜಿ ಕಟ್ಟುವಂತಿಲ್ಲ; ಅದು ನಿಯಮ. ಅವನ ಗಳಿಕೆ ಸವಾರಿಯ ಫೀ ಮತ್ತು ಗೆದ್ದ ಬಹುಮಾನದಲ್ಲಿ ಒಂದು ಪಾಲು. ಹೆಸರಾದವರಿಗೆ ಕೈತುಂಬ ಹಣ. ಹೆಸರಾಗದವರೇ ಹೆಚ್ಚು.

ತಂದೆ ನೇರವಾಗಿ ಕೇಳಿದರು: 'ನಿಮ್ಮ ಮಗಳಾಗಿದ್ರ ಕಳಸ್ತಿದ್ರೇನ್ರಿ?'

ಆ ಮನುಷ್ಯ ಹುಡುಗಿಯನ್ನು ನೋಡಿದರು. 'ಹೆಣ್ಮಕ್ಕಳು ಮಾಡಿದಾರೆ ಸಾಹೇಬ್ರೆ, ಚೆನ್ನೈಯ ರೂಪಾ ಸಿಂಗ್ ಗೆದ್ದು ತೋರ್ಸಿದಾರೆ. ಆದ್ರೆ ನಾನು ಏಳನೇ ಕ್ಲಾಸು. ಕುದುರೆ ಬಿಟ್ರೆ ನನಗೆ ಬೇರೆ ದಾರಿ ಇರ್ಲಿಲ್ಲ. ಈ ಮಗು ಓದಿದೆ. ಓದಿಕೊಂಡೇ ಕುದುರೆ ಹತ್ರ ಬರ್ಲಿ. ಕುದುರೆಗೆ ಡಾಕ್ಟ್ರು ಬೇಕಲ್ಲ?'

ನಮ್ಮ ನಾಡಿನ ಕುದುರೆಗಳು

ಅಲ್ಲಿಂದ ಹೊರಟ ಮೇಲೆ, ಕರ್ನಾಟಕದಲ್ಲೇ ಕುದುರೆಗೆ ಎಷ್ಟು ದಾರಿಗಳಿವೆ ಎಂದು ನಾವು ಲೆಕ್ಕ ಹಾಕುತ್ತ ಬಂದೆವು. ಮೈಸೂರಿನ ರೇಸ್ ಕ್ಲಬ್ 1891ರದು. ಚಾಮುಂಡಿ ಬೆಟ್ಟದ ಅಡಿಯಲ್ಲಿ ಅದರ ಮೈದಾನ. ಅದೇ ಊರಿನಲ್ಲಿ ಪೊಲೀಸರ ಅಶ್ವಾರೋಹಿ ದಳವಿದೆ. ದಸರೆಯ ಮೆರವಣಿಗೆಯಲ್ಲಿ ಕಾಣುವುದು ಆ ಕುದುರೆಗಳನ್ನೇ. ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಕುದುರೆ ಫಾರಂ. ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಂತೂ ಕುದುರೆ ಗಾಡಿಯ ಶರ್ಯತ್ತು ನೋಡಲು ಜನ ಮುಗಿಬೀಳುತ್ತಾರೆ.

ಇದೆಲ್ಲಕ್ಕಿಂತ ಹುಡುಗಿಯ ಮನಸ್ಸಿಗೆ ಹತ್ತಿರವಾದದ್ದು ಬೆಂಗಳೂರಿನ ಫವಾದ್ ಮಿರ್ಜಾ ಅವರ ಕತೆ. ಅವರ ತಂದೆ ಕುದುರೆಗಳ ವೈದ್ಯರು. ಫವಾದ್ ಜಾಕಿಯಲ್ಲ, ಅವರ ಆಟ 'ಇವೆಂಟಿಂಗ್'. ಅದರಲ್ಲಿ ಕುದುರೆಯ ಶಿಸ್ತು, ಕಾಡುಮೇಡಿನ ಓಟ, ಬೇಲಿ ಜಿಗಿತ ಎಂಬ ಮೂರು ಪರೀಕ್ಷೆಗಳು. ಅವರೂ ಪದವೀಧರರೇ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಬೆಳ್ಳಿ, ತಂಡದೊಡನೆ ಇನ್ನೊಂದು ಬೆಳ್ಳಿ ಗೆದ್ದರು. ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಸಿಕ್ಕದ್ದು 1982ರ ನಂತರ ಅದೇ ಮೊದಲು. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಅಂತಿಮ ಸುತ್ತು ತಲುಪಿ 23ನೆಯವರಾದರು. ಈ ಆಟದಲ್ಲಿ ಒಲಿಂಪಿಕ್ಸಿಗೆ ಹೋಗಲು ಭಾರತದವರೊಬ್ಬರಿಗೆ 20 ವರ್ಷಗಳೇ ಬೇಕಾಗಿದ್ದವು. ಆದರೆ ಇದು ಅಗ್ಗದ ಆಟವಲ್ಲ. ಕುದುರೆ, ಸಾಗಾಟ, ವಿದೇಶದ ತರಬೇತಿ ಎಂದರೆ ಪ್ರಾಯೋಜಕರು ಬೇಕು. ಹಾರ್ಡ್‌ವೇರ್ ಅಂಗಡಿಯ ಲೆಕ್ಕಕ್ಕೆ ನಿಲುಕುವಂಥದ್ದಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆ.

ನಿಲುಕುವ ದಾರಿ ಇನ್ನೊಂದಿತ್ತು. ಪಶುವೈದ್ಯಕೀಯ ಪದವಿ ಐದೂವರೆ ವರ್ಷದ ಓದು. ರಾಜ್ಯದ ಸೀಟುಗಳಿಗೆ ಸಿಇಟಿಯ ಮೂಲಕವೇ ಪ್ರವೇಶ. ಬೆಂಗಳೂರಿನ ಹೆಬ್ಬಾಳದಲ್ಲಿ ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರ್ನರಿ ಘಟಕವೇ ಇದೆ. ಅಲ್ಲಿ ಕೆಡೆಟ್ಟುಗಳು ಕುದುರೆ ಸವಾರಿ ಕಲಿಯುತ್ತಾರೆ. ಡಾಕ್ಟರ್ ಅನ್ನಿಸಿಕೊಳ್ಳುವ ಅಪ್ಪನ ಆಸೆಯೂ, ಕುದುರೆಯ ಹತ್ತಿರ ಇರುವ ಮಗಳ ಆಸೆಯೂ ಒಂದೇ ಅರ್ಜಿಯಲ್ಲಿ ಹಿಡಿಯುತ್ತವೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಹಿಂತಿರುಗುವ ರೈಲಿನಲ್ಲಿ ತಂದೆ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದರು. ಹಾವೇರಿ ದಾಟಿದ ಮೇಲೆ ಮಗಳಿಗೆ ಹೇಳಿದರು: 'ನಿಮ್ಮಜ್ಜನ ಕುದುರಿಗೆ ಒಮ್ಮೆ ಹೊಟ್ಟಿಶೂಲಿ ಬಂದಿತ್ತು. ರಾತ್ರೆಲ್ಲಾ ನಡಿಸಿದ. ಡಾಕ್ಟರ್ ಸಿಗಲಿಲ್ಲ. ಬೆಳಿಗ್ಗೆ ಸತ್ತೋತು. ಎರಡು ತಿಂಗಳು ನಮ್ಮನ್ಯಾಗ ಒಲಿ ಸರಿಯಾಗಿ ಉರೀಲಿಲ್ಲ.' ಈ ಸಂಗತಿಯನ್ನು ಮಗಳು ಅದುವರೆಗೆ ಕೇಳಿರಲಿಲ್ಲ.

ಮತ್ತೆ ವಿದ್ಯಾನಗರ

ಕತೆ ಇಲ್ಲಿಗೆ ಮುಗಿದಿದ್ದರೆ ಚೆಂದವಿತ್ತು. ಆ ವರ್ಷದ ಸೆಪ್ಟೆಂಬರ್ ಮೊದಲ ವಾರ ತಂದೆ ನನ್ನ ಮನೆಗೆ ಬಂದರು. ಮುಖ ಕಪ್ಪಿಟ್ಟಿತ್ತು. ಐರ್ಲೆಂಡಿನ ಸುದ್ದಿಗಳನ್ನು ಮಗಳಿಗಿಂತ ಹೆಚ್ಚಾಗಿ ಅವರೇ ಮೊಬೈಲಿನಲ್ಲಿ ಹುಡುಕತೊಡಗಿದ್ದರು. ಸೆಪ್ಟೆಂಬರ್ 3ರಂದು ಕೆರಿ ಕೌಂಟಿಯ ಕಡಲ ತಡಿಯಲ್ಲಿ ನಡೆದ ಪೋನಿ ಓಟದಲ್ಲಿ ಬಿದ್ದು, ತರಬೇತುದಾರ ಹೆನ್ರಿ ಡಿ ಬ್ರಾಮ್‌ಹೆಡ್ ಅವರ 13 ವರ್ಷದ ಮಗ ತೀರಿಕೊಂಡಿದ್ದ. ರೇಚಲ್‌ಗೆ ಗೋಲ್ಡ್ ಕಪ್ಪಿನ ಕುದುರೆ ಕೊಟ್ಟ ಅದೇ ಹೆನ್ರಿ. 'ಕುದುರಿ ಬಲ್ಲವರ ಮನ್ಯಾಗೇ ಹಿಂಗಾದ್ರ ನಮ್ಮ ಗತಿ ಏನ್ರಿ ಸರ?' ಎಂದರು.

ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಕುದುರೆ ಸವಾರಿ ಅಪಾಯವಿಲ್ಲದ್ದು ಎಂದು ನಾನು ಯಾವತ್ತೂ ಹೇಳಿರಲಿಲ್ಲ. ಆ ದಿನವೂ ಹೇಳಲಿಲ್ಲ. ರೇಚಲ್‌ಳೇ 2021ರ ಜುಲೈಯಲ್ಲಿ ಬಿದ್ದು ಕಾಲಿನ ಗಿಣ್ಣು, ಸೊಂಟದ ಮೂಳೆ ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದಳು. 'ಮಗಳಿಗೆ ಈ ಸುದ್ದಿ ಮುಚ್ಚಿಡಬ್ಯಾಡ್ರಿ, ಇಬ್ಬರೂ ಕೂತು ಓದ್ರಿ' ಎಂದಷ್ಟೇ ಹೇಳಿದೆ. ಅವರು ಹಾಗೆಯೇ ಮಾಡಿದರು. ಓದಿದ ಮೇಲೆ ಹುಡುಗಿ, ರೇಸಿನ ಸವಾರಿ ತನಗೆ ಬೇಡ, ಆದರೆ ಕುದುರೆ ಬೇಕು ಎಂದಳಂತೆ. ಅಪ್ಪ ಹೇಳಿಸಿದ ಮಾತಲ್ಲ. ಅವಳೇ ತೂಗಿ ನೋಡಿ ಆಡಿದ ಮಾತು. ಅರ್ಜಿಯಲ್ಲಿ ಪಶುವೈದ್ಯಕೀಯವೇ ಮೊದಲ ಆಯ್ಕೆಯಾಗಿ ಉಳಿಯಿತು. ಸೀಟೂ ಸಿಕ್ಕಿತು.

ಮರುವರ್ಷ ಮಾರ್ಚಿನಲ್ಲಿ ಹೆನ್ರಿಯವರ ಹನಿಸಕಲ್ ತನ್ನ ಕೊನೆಯ ಓಟವನ್ನು ರೇಚಲ್‌ಳನ್ನು ಹೊತ್ತು ಚೆಲ್ಟನ್‌ಹ್ಯಾಮಿನಲ್ಲೇ ಗೆದ್ದಾಗ, ಮಗನನ್ನು ಕಳೆದುಕೊಂಡ ಆ ತಂದೆಯನ್ನು ನೋಡಿ ಮೈದಾನದಲ್ಲಿ ಜನ ಕಣ್ಣೊರೆಸಿಕೊಂಡರು. ಆ ವಿಡಿಯೋವನ್ನು ನಮ್ಮ ಅಂಗಡಿಯವರು ನನಗೆ ಕಳಿಸಿದ್ದರು. ಕೆಳಗೆ ಒಂದಕ್ಷರವೂ ಬರೆದಿರಲಿಲ್ಲ.

2025ರ ಮೇ 12ರಂದು, 35ನೇ ವಯಸ್ಸಿನಲ್ಲಿ, ರೇಚಲ್ ಬ್ಲ್ಯಾಕ್‌ಮೋರ್ ನಿವೃತ್ತಳಾದಳು. ಹಿಂದಿನ ಸೆಪ್ಟೆಂಬರಿನಲ್ಲಿ ಕುತ್ತಿಗೆಗೆ ಪೆಟ್ಟಾಗಿ, ಡಿಸೆಂಬರಿನಲ್ಲಿ ಮರಳಿ ಬಂದು, ಮಾರ್ಚಿನಲ್ಲಿ ಚೆಲ್ಟನ್‌ಹ್ಯಾಮಿನ ಇನ್ನೊಂದು ದೊಡ್ಡ ಓಟ ಗೆದ್ದು, ಆಮೇಲೆ ಬಿಟ್ಟಳು. ಒಟ್ಟು 575 ಗೆಲುವು; ಅವುಗಳಲ್ಲಿ ಚೆಲ್ಟನ್‌ಹ್ಯಾಮ್ ಉತ್ಸವದವೇ 18. ವೃತ್ತಿಪರಳಾಗಿ ಸುಮಾರು ಹತ್ತು ವರ್ಷ. ಹತ್ತುವುದು ಯಾವಾಗ ಎಂಬುದರಂತೆ ಇಳಿಯುವುದು ಯಾವಾಗ ಎಂಬುದನ್ನೂ ಅವಳು ತಾನೇ ನಿರ್ಧರಿಸಿದಳು.

ನಮ್ಮ ಓಣಿಯ ಹುಡುಗಿ ಈಗ ಪಶುವೈದ್ಯಕೀಯ ಓದುತ್ತಿದ್ದಾಳೆ. ಬೆಳಗಿನ ಸವಾರಿ ಕಲಿತಿದ್ದಾಳೆ, ಎರಡು ಸಲ ಬಿದ್ದಿದ್ದಾಳೆ, ಕುದುರೆಯ ಹೊಟ್ಟೆಶೂಲೆಯ ಬಗ್ಗೆ ಅಪ್ಪನಿಗೆ ಫೋನಿನಲ್ಲಿ ಪಾಠ ಹೇಳುತ್ತಾಳೆ. ರಜೆಯಲ್ಲಿ ಬಂದಾಗ ಮೂವರೂ ಕೆರೆಯ ದಂಡೆಗೆ ಹೋಗುತ್ತೇವೆ. ಮೊನ್ನೆ ಬಿ.ವಿ.ಬಿ. ಎದುರಿನ ಸ್ಟಾಪಿನಲ್ಲಿ ಹೊಸ ಹುಡುಗ ಹುಡುಗಿಯರು ಬ್ಯಾಗು ಹೊತ್ತು ಇಳಿಯುತ್ತಿದ್ದರು. ಕೆಲವರ ಹಿಂದೆ ಅಪ್ಪ, ಕೆಲವರ ಹಿಂದೆ ಅವ್ವ, ಕೈಯಲ್ಲಿ ಮಾರ್ಕ್ಸ್ ಕಾರ್ಡಿನ ಫೈಲು. ಅವರನ್ನು ನೋಡುತ್ತ ನಮ್ಮ ಅಂಗಡಿಯವರು ಹೇಳಿದರು: 'ಆಗ ನಾ ಫೋನ್ ಹಚ್ಚಿದ್ರ ಮೊದಲು ಎಷ್ಟು ಮಾರ್ಕ್ಸ್ ಅಂತ ಕೇಳ್ತಿದ್ದೆ, ಸರ. ಈಗ ಮೊದಲು ಬಿದ್ದೀಯೇನು ಅಂತೀನಿ. ಇಲ್ಲ ಅಂದ್ರ, ಉಂಡೀಯೇನು ಅಂತೀನಿ. ಮಾರ್ಕ್ಸಿನ ಮಾತು ಆಕಿನ ಹೇಳ್ತಾಳ.'